ಮೊಣಕೈ ನೋವಿಗೆ ರ‍್ಯಾಕೆಟ್ ಮಾರಬೇಕೆ?

ಪ್ರಶ್ನೆ: ನನಗೆ 44 ವರ್ಷ. ಕಚೇರಿಗೆ ಹೋಗುವ ಮೊದಲು ಒಂದು ಗಂಟೆ ಟೆನಿಸ್ ಡಬಲ್ಸ್ ಆಡುತ್ತೇನೆ. ಕಳೆದ ವರ್ಷ ಗಟ್ಟಿ ಫ್ರೇಮಿನ ರ‍್ಯಾಕೆಟ್ ಕೊಂಡೆ. ಹೊಡೆತಕ್ಕೆ ಬಲ ಬಂದಿತು. ಆದರೆ ಈ ಮಳೆಗಾಲದಿಂದ ಮೊಣಕೈಯ ಹೊರಬದಿ ನೋಯುತ್ತಿದೆ, ನೀರು ತುಂಬಿದ ಚೊಂಬು ಎತ್ತುವುದೂ ಕಷ್ಟ. ಜೊತೆಯವರು ಮೆದು ರ‍್ಯಾಕೆಟ್ ತೆಗೆದುಕೊಳ್ಳಿ ಎನ್ನುತ್ತಾರೆ. ಇದನ್ನು ಮಾರಿಬಿಡಲೇ ಸರ್?
– ಬ್ಯಾಂಕ್ ಉದ್ಯೋಗಿ, ವಿನೋಬನಗರ, ಶಿವಮೊಗ್ಗ

ಉತ್ತರ: ಈಗಲೇ ಮಾರಬೇಡಿ. ಮೊದಲು ಅದರಲ್ಲಿರುವ ಗಟ್ (ಚೆಂಡಿಗೆ ತಗುಲುವ ಎಳೆಗಳ ಬಲೆ) ಕತ್ತರಿಸಿ ಹಾಕಿ. ಯಾವ ಗಟ್ ಎಂದು ನೀವು ಬರೆದಿಲ್ಲ. ಗಟ್ ಬಿಗಿಯುವ ನನ್ನ ಯಂತ್ರದ ಮುಂದೆ ಬರುವ ರ‍್ಯಾಕೆಟ್‌ಗಳನ್ನು ನೋಡಿ ಹೇಳುವುದಾದರೆ ಅದು ಪಾಲಿಯೆಸ್ಟರ್ ಇರಬೇಕು, ಕೊಂಡ ದಿನದಿಂದ ಬದಲಾಗಿರಲಿಕ್ಕೂ ಇಲ್ಲ. ಪಾಲಿಯೆಸ್ಟರ್ ತುಂಡಾಗುವುದಕ್ಕೆ ಬಹಳ ಮೊದಲೇ ಸತ್ತಿರುತ್ತದೆ. ಹಿಗ್ಗಿ ಮರಳುವ ಗುಣ ಹೋದ ಮೇಲೆ ಚೆಂಡಿನ ಏಟನ್ನು ಅದು ತಾನು ತಾಳುವುದಿಲ್ಲ, ನಿಮ್ಮ ಕೈಗೆ ದಾಟಿಸುತ್ತದೆ. ವೃತ್ತಿಪರರು ಪಂದ್ಯಕ್ಕೆ ಪಂದ್ಯಕ್ಕೆ ಹೊಸ ಗಟ್ ಹಾಕಿದ ರ‍್ಯಾಕೆಟ್ ಹಿಡಿಯುತ್ತಾರೆ. ಅದೇ ಗಟ್ಟನ್ನು ನಮ್ಮ ಊರಿನಲ್ಲಿ ದಸರೆಯಿಂದ ಯುಗಾದಿಯವರೆಗೆ ಎಳೆಯುತ್ತಾರೆ. ಕಡಿದುಹೋಗಿಲ್ಲವಲ್ಲ ಎಂಬ ಸಮಾಧಾನಕ್ಕೆ ಮೊಣಕೈ ಕೊಟ್ಟು ಕೂರುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ) ನೈಲಾನ್ ಗಟ್ಟನ್ನು 50 ಪೌಂಡ್ ಬಿಗಿಯಲ್ಲಿ ಹಾಕಿಸಿ. ಪಾಲಿಯೆಸ್ಟರಿಗಿಂತ ಬೇಗ ಕಡಿಯುತ್ತದೆ, ಕಡಿಯಲಿ. ಹಾಗೆಯೇ ಚೆಂಡನ್ನೂ ನೋಡಿ. ಜುಲೈ ತಿಂಗಳಿನ ಶಿವಮೊಗ್ಗದಲ್ಲಿ ಚೆಂಡಿನ ಮೇಲಿನ ಉಣ್ಣೆ ತೇವ ಕುಡಿದು ಭಾರವಾಗಿರುತ್ತದೆ. ಜೀವವಿಲ್ಲದ ಒದ್ದೆ ಚೆಂಡಿಗೆ ತಡವಾಗಿ ಒಂಟಿಕೈ ಬ್ಯಾಕ್‌ಹ್ಯಾಂಡ್ ಬೀಸಿದರೆ ಯಾವ ರ‍್ಯಾಕೆಟ್ಟೂ ನಿಮ್ಮನ್ನು ಕಾಪಾಡುವುದಿಲ್ಲ. ಚೊಂಬು ಎತ್ತಲಾಗದಷ್ಟು ನೋವಿದೆ ಎಂದಿದ್ದೀರಿ. ಆಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ, ಮುಂಗೈ ಬಲಪಡಿಸುವ ವ್ಯಾಯಾಮ ಕಲಿತುಕೊಂಡು ಬನ್ನಿ.

ಇನ್ನು ಗಟ್ಟಿ, ಮೆದು ಎಂಬ ವಿಚಾರ. ಫ್ರೇಮ್ ಎಷ್ಟು ಬಾಗುತ್ತದೆ ಎಂಬುದನ್ನು ಆರ್‌ಎ ಎಂಬ ಅಂಕೆಯಲ್ಲಿ ಅಳೆಯುತ್ತಾರೆ; ಅಂಕೆ ಹೆಚ್ಚಿದಷ್ಟೂ ಫ್ರೇಮ್ ಗಟ್ಟಿ. ಹೆಚ್ಚಿನ ರ‍್ಯಾಕೆಟ್‌ಗಳು 55ರಿಂದ 75ರೊಳಗೆ ಬರುತ್ತವೆ. ಬಬೊಲಾಟ್ ಪ್ಯೂರ್ ಡ್ರೈವ್ 70ರ ಆಸುಪಾಸಿನ ಗಟ್ಟಿ ರ‍್ಯಾಕೆಟ್. 2019ರಲ್ಲಿ ಬಂದ ವಿಲ್ಸನ್ ಕ್ಲ್ಯಾಶ್ 55ರ ಆಸುಪಾಸಿನದು. ಚೆಂಡು ಗಟ್ಟಿನ ಮೇಲೆ ಇರುವುದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು ಐದು ಭಾಗದಷ್ಟು ಹೊತ್ತು. ಬಾಗಿದ ಫ್ರೇಮ್ ಪೂರ್ತಿ ನೆಟ್ಟಗಾಗುವ ಮೊದಲೇ ಚೆಂಡು ಹೊರಟುಬಿಡುತ್ತದೆ, ಬಾಗುವುದಕ್ಕೆ ಖರ್ಚಾದ ಶಕ್ತಿ ಚೆಂಡಿಗೆ ಮರಳಿ ಸಿಗುವುದಿಲ್ಲ. ಗಟ್ಟಿ ಫ್ರೇಮ್ ಕಡಿಮೆ ಬಾಗುವುದರಿಂದ ಅದರ ಹೊಡೆತಕ್ಕೆ ಬಲ ಹೆಚ್ಚು. ನಡುಮಧ್ಯಕ್ಕೆ ತಗುಲಿದ ಚೆಂಡಿನಲ್ಲಿ ಈ ವ್ಯತ್ಯಾಸ ಸಣ್ಣದು. ತುದಿಗೋ ಬುಡಕ್ಕೋ ತಗುಲಿದಾಗ ಎದ್ದು ಕಾಣುತ್ತದೆ.

ಹಾಗಾಗಿ ತೋಳನ್ನು ಪೂರ್ತಿ ಬೀಸಿ ಹೊಡೆಯುವವರು ಮೆದು ಫ್ರೇಮ್ ಇಷ್ಟಪಡುತ್ತಾರೆ. ಬಲ ಅವರ ಬೀಸಿನಲ್ಲೇ ಇದೆ, ಅವರಿಗೆ ಬೇಕಾದದ್ದು ಚೆಂಡು ಕೈಗೆ ತಿಳಿಯುವ ಸುಖ. ನಿಮ್ಮಂತೆ ನೆಟ್ ಹತ್ತಿರ ನಿಂತು ಚಿಕ್ಕ ಬೀಸಿನಲ್ಲಿ ವಾಲಿ (ನೆಲಕ್ಕೆ ಬೀಳುವ ಮೊದಲೇ ಚೆಂಡಿಗೆ ಹೊಡೆತ) ಆಡುವ ಡಬಲ್ಸ್ ಆಟಗಾರರಿಗೆ ಗಟ್ಟಿ ಫ್ರೇಮ್ ನಿಜಕ್ಕೂ ಉಪಕಾರಿ. ಹೊಸ ಗಟ್ ಹಾಕಿಸಿ, ನೋವು ವಾಸಿಯಾಗಿ, ಮತ್ತೆ ಆಡಿದಾಗಲೂ ಮರುಕಳಿಸಿದರೆ ಆಗ ಮೆದು ರ‍್ಯಾಕೆಟ್ ನೋಡೋಣ. ಆಗಲೂ 260 ಗ್ರಾಂನ ಹಗುರದ್ದನ್ನು ಕೊಳ್ಳಬೇಡಿ. 300 ಗ್ರಾಂ ತೂಗುವ ಫ್ರೇಮ್ ಏಟನ್ನು ತಾನೇ ಹೆಚ್ಚು ಹೀರಿಕೊಳ್ಳುತ್ತದೆ. ಹಗುರ ಮತ್ತು ಗಟ್ಟಿ ಎರಡೂ ಸೇರಿದ ರ‍್ಯಾಕೆಟ್ ಕೈಗೆ ಎಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ: ಮಗಳಿಗೆ 12 ವರ್ಷ. ನಡಾಲ್ ಹಿಡಿಯುತ್ತಿದ್ದ ರ‍್ಯಾಕೆಟ್ಟೇ ಬೇಕೆಂದು ಹಟ ಹಿಡಿದಿದ್ದಾಳೆ. ಕೊಡಿಸಬಹುದೇ?
– ಗೃಹಿಣಿ, ಸಾಗರ

ಉತ್ತರ: ಬೇಡ ತಾಯಿ. ನಡಾಲ್ ಆಡುತ್ತಿದ್ದದ್ದು ಬಬೊಲಾಟ್ ಪ್ಯೂರ್ ಏರೋ ಸಾಲಿನ ರ‍್ಯಾಕೆಟ್, ಅಲ್ಕರಾಜ್ ಹಿಡಿಯುವುದೂ ಅದೇ ಸಾಲಿನದು. ಅದು ಗಟ್ಟಿ ಫ್ರೇಮ್. ಹೆಸರಾಂತ ಆಟಗಾರರ ಕೈಯಲ್ಲಿರುವುದು ಅಂಗಡಿಯಲ್ಲಿ ಸಿಗುವುದೇ ಆಗಿರಬೇಕೆಂದಿಲ್ಲ, ಎಷ್ಟೋ ಸಲ ಹೊಸ ಬಣ್ಣದ ಒಳಗೆ ಹಳೆಯ ಫ್ರೇಮ್ ಇರುತ್ತದೆ. ಮಗಳ ಮೂಳೆ ಇನ್ನೂ ಬೆಳೆಯುತ್ತಿದೆ. ಎತ್ತರ ನೋಡಿ 26 ಅಥವಾ 27 ಇಂಚಿನ, ಮೆದುವಾದ ಫ್ರೇಮ್ ಕೊಡಿಸಿ, ನೈಲಾನ್ ಗಟ್ ಹಾಕಿಸಿ. ಪಾಲಿಯೆಸ್ಟರ್ ಈಗ ಖಂಡಿತ ಬೇಡ. ತರಬೇತುದಾರರು ಒತ್ತಾಯಿಸಿದರೂ ಒಪ್ಪಬೇಡಿ. ಬಣ್ಣ ಮಾತ್ರ ಅವಳೇ ಆರಿಸಲಿ.

ಪ್ರಶ್ನೆ: ತಂದೆಯವರು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಆಡುತ್ತಿದ್ದ ಮರದ ರ‍್ಯಾಕೆಟ್ ಮನೆಯಲ್ಲಿದೆ. ಇಷ್ಟು ಹಿತವಾದ ಹೊಡೆತ ಈಗಿನ ರ‍್ಯಾಕೆಟ್‌ಗಳಲ್ಲಿ ಏಕೆ ಇಲ್ಲ?
– ಅಡಿಕೆ, ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ನೀವು ಹೇಳುವ ಹಿತ ನಿಜ. ಮರದ ರ‍್ಯಾಕೆಟ್ ಈಗಿನ ಯಾವ ಮೆದು ರ‍್ಯಾಕೆಟ್ಟಿಗಿಂತಲೂ ಹೆಚ್ಚು ಬಾಗುತ್ತದೆ, ತೂಕವೂ ಹೆಚ್ಚು, ಆದ್ದರಿಂದ ಏಟು ಕೈಗೆ ಮುಟ್ಟುವುದು ಕಡಿಮೆ. ಆದರೆ ತಲೆ ಚಿಕ್ಕದು. ಸುಮಾರು 65 ಚದರ ಇಂಚು, ಈಗಿನವು 100ರ ಹತ್ತಿರ. ಮಧ್ಯ ತಪ್ಪಿದರೆ ಹೊಡೆತವೇ ಇಲ್ಲ. ನಿಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಬಿದಿರಿನ ದೋಟಿಯ ಜಾಗಕ್ಕೆ ಕಾರ್ಬನ್ ಫೈಬರ್ ದೋಟಿ ಬಂದಂತೆ ಇಲ್ಲಿಯೂ ಆಯಿತು: ಹಗುರ, ಉದ್ದಕ್ಕೂ ಬಿಗಿ, ಬಳುಕುವುದು ಕಡಿಮೆ. 1983ರಲ್ಲಿ ಯಾನಿಕ್ ನೋವಾ ಫ್ರೆಂಚ್ ಓಪನ್ ಗೆದ್ದದ್ದು ಮರದ ರ‍್ಯಾಕೆಟ್ಟಿನಿಂದ. 1987ರ ನಂತರ ವಿಂಬಲ್ಡನ್ನಿನಲ್ಲಿ ಮರ ಕಾಣಿಸಲಿಲ್ಲ.

ತಂದೆಯವರ ರ‍್ಯಾಕೆಟ್ಟಿನಲ್ಲಿ ಆಗಾಗ ಆಡಿ, ತಪ್ಪೇನಿಲ್ಲ. ಅದರಲ್ಲಿರುವುದು ಹಸುವಿನ ಕರುಳಿನ ಗಟ್ ಆಗಿದ್ದರೆ ಮಲೆನಾಡಿನ ತೇವಕ್ಕೆ ಎಳೆ ಬಿಚ್ಚಿ ಹೋಗುತ್ತದೆ, ನೈಲಾನ್ ಹಾಕಿಸಿ. ಹಳೆಯ ಫ್ರೇಮ್ ಬಿರುಕು ಬಿಡದಂತೆ ಬಿಗಿ ಕಡಿಮೆಯೇ ಇರಲಿ. ರ‍್ಯಾಕೆಟ್ ಇಡುತ್ತಿದ್ದ ಮರದ ಪ್ರೆಸ್ ಅಟ್ಟದ ಮೇಲೆ ಎಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ. ಆಡಿ ಮುಗಿದ ಮೇಲೆ ಅದರೊಳಗಿಟ್ಟು ನಾಲ್ಕೂ ತಿರುಪುಗಳನ್ನು ಸಮನಾಗಿ ಬಿಗಿಯಿರಿ. ಇಲ್ಲವಾದರೆ ಒಂದೇ ಮಳೆಗಾಲಕ್ಕೆ ಫ್ರೇಮ್ ಸೊಟ್ಟಗಾಗುತ್ತದೆ.