ಪ್ರಧಾನಿ ಬದಲಾದರೆ ನಮ್ಮ ಐದು ವರ್ಷದ ಲೆಕ್ಕ ಬದಲಾಗುತ್ತಾ?

2026ರ ಜನವರಿಯಲ್ಲಿ ನೀವು ಕೇಳಿದ್ದು ಇದು: "ಅಕ್ಕಾ, ಲಂಡನ್‌ಗೆ ಬಂದು ಮೂರು ತಿಂಗಳಾಯ್ತು. ‘ಚೇಂಜ್’ ಅನ್ನೋ ಒಂದೇ ಮಾತಿನ ಮೇಲೆ ಗೆದ್ದ ಸರ್ಕಾರ ಅಂತಾರೆ. ಈ ಪ್ರಧಾನಿಯಿಂದ ನಮ್ಮಂಥವರಿಗೆ ನಿಜವಾಗಿ ಏನಾದರೂ ಬದಲಾಗುತ್ತಾ? ಐದು ವರ್ಷಕ್ಕೆ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಸಿಗುತ್ತಾ? ಮನೆಗೆ ಆರು ತಿಂಗಳ ಬಾಡಿಗೆ ಮುಂಗಡ ಕೇಳ್ತಿದ್ದಾರೆ, ಕೊಡಬೇಕಾ? ಚಳಿಗೆ ಏನು ಮಾಡೋದು?"

ಚಳಿಯ ಮಾತು ಮೊದಲೇ ಮುಗಿಸಿಬಿಡ್ತೀನಿ. ದಪ್ಪನೆಯ ಒಂದು ಜಾಕೆಟ್‌ಗಿಂತ ತೆಳ್ಳಗಿನ ಮೂರು ಪದರ ಮೇಲು. ನೀರು ಇಳಿಯದ ಬೂಟು ಕೊಳ್ಳಿ. ಉಳಿದದ್ದು ಅಭ್ಯಾಸ ಆಗುತ್ತೆ.

ಬದಲಾವಣೆ ಬರುತ್ತಾ ಅಂದರೆ, ಬರುತ್ತೆ. ಆದರೆ ಯಾವುದು ಬೇಗ ಬರುತ್ತೆ, ಯಾವುದಕ್ಕೆ ವರ್ಷಗಟ್ಟಲೆ ಕಾಯಬೇಕು, ಯಾವುದು ದಾರಿಯಲ್ಲೇ ಬಿದ್ದುಹೋಗುತ್ತೆ ಅನ್ನೋದು ನಾಯಕರ ಭಾಷಣ ಕೇಳಿದರೆ ಗೊತ್ತಾಗೋದಿಲ್ಲ. ಅದು ಕಾನೂನಾಗಿ ಬರುತ್ತಾ, ನಿಯಮವಾಗಿ ಬರುತ್ತಾ, ಅದನ್ನು ನೋಡಬೇಕು. ನಮ್ಮ ಕಡೆ ಸರ್ಕಾರ ಬದಲಾಯ್ತು ಅಂದರೆ ವಾರದೊಳಗೆ ಡಿಸಿ, ಎಸ್ಪಿ ವರ್ಗಾವಣೆ ಪಟ್ಟಿ ಹೊರಬೀಳುತ್ತೆ, ನಿಮಗೂ ಗೊತ್ತು. ಇಲ್ಲಿ ಹಾಗಲ್ಲ. ಮಂತ್ರಿ ಬದಲಾಗ್ತಾರೆ, ಕಚೇರಿ ಹಾಗೇ ಇರುತ್ತೆ. 2024ರ ಜುಲೈ 4ರಂದು ಚುನಾವಣೆ ನಡೆದು ಮರುದಿನವೇ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಪ್ರಧಾನಿಯಾದರು, ಆದರೆ ನಿಮ್ಮಂಥವರ ವೀಸಾ ಫೈಲು ಗೃಹ ಇಲಾಖೆ ಅಂದರೆ ಹೋಮ್ ಆಫೀಸ್‌ನ ಅದೇ ಮೇಜಿನ ಮೇಲೇ ಇತ್ತು.

ಒಂದೇ ಒಂದು ದಿನ ತೋರಿಸ್ತೀನಿ, 2025ರ ಜುಲೈ 1. ಅವತ್ತು ಪಿಐಪಿ ಅಂತ ಕರೆಯುವ ಅಂಗವಿಕಲರ ಭತ್ಯೆಯ ಅರ್ಹತೆ ಬಿಗಿ ಮಾಡುವ ಮಸೂದೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಚರ್ಚೆಗಿತ್ತು. 650ರಲ್ಲಿ 411 ಸೀಟು ಗೆದ್ದಿದ್ದ ಸರ್ಕಾರ. ಆದರೂ ಸ್ವಂತ ಪಕ್ಷದ 120ಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದಿದ್ದರು. ಮತಕ್ಕೆ ಹಾಕೋದಕ್ಕೆ ಸ್ವಲ್ಪ ಮುಂಚೆ ಆ ಮುಖ್ಯ ಭಾಗವನ್ನೇ ಸರ್ಕಾರ ಕೈಬಿಡಬೇಕಾಯ್ತು. ಅದೇ ದಿನ ಹೋಮ್ ಆಫೀಸ್ ‘ಸ್ಟೇಟ್‌ಮೆಂಟ್ ಆಫ್ ಚೇಂಜಸ್’ ಅನ್ನುವ ನಿಯಮ ತಿದ್ದುಪಡಿ ಪತ್ರವನ್ನು ಸಂಸತ್ತಿನ ಮುಂದಿಟ್ಟಿತು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ £38,700ರಿಂದ £41,700ಕ್ಕೆ ಏರಿತು. ಪದವಿ ಮಟ್ಟಕ್ಕಿಂತ ಕೆಳಗಿನ ಬಹುಪಾಲು ಕೆಲಸಗಳು ಹೊಸಬರಿಗೆ ಮುಚ್ಚಿಹೋದವು. ಹೊರದೇಶದಿಂದ ವೃದ್ಧರು, ಅಶಕ್ತರನ್ನು ನೋಡಿಕೊಳ್ಳುವ ಕೇರ್ ವರ್ಕರ್‌ಗಳನ್ನು ಕರೆಸುವ ದಾರಿಯೂ ಬಂದ್ ಆಯ್ತು. ಜುಲೈ 22ಕ್ಕೆ ಎಲ್ಲ ಜಾರಿ. ಲೆಕ್ಕ ಹಾಕಿ, ಸರಿಯಾಗಿ 21 ದಿನ.

ಯಾಕೆ ಈ ವ್ಯತ್ಯಾಸ? ಭತ್ಯೆ ಬದಲಿಸೋದಕ್ಕೆ ಕಾನೂನು ಬೇಕು, ಕಾನೂನಿಗೆ ಸಂಸದರ ಮತ ಬೇಕು. ವಲಸೆ ನಿಯಮಗಳಿಗೆ ಹೊಸ ಕಾನೂನು ಬೇಡ. 1971ರ ಇಮಿಗ್ರೇಶನ್ ಆ್ಯಕ್ಟ್ ಕೊಟ್ಟ ಅಧಿಕಾರದಲ್ಲಿ ಗೃಹಮಂತ್ರಿ ತಿದ್ದುಪಡಿ ಮಂಡಿಸ್ತಾರೆ. 40 ದಿನದೊಳಗೆ ಎರಡರಲ್ಲಿ ಒಂದು ಸದನ ಬೇಡ ಅಂದರೆ ಮಾತ್ರ ಅದಕ್ಕೆ ತಡೆ. ಹಾಗೆ ಬೇಡ ಅನ್ನುವುದು ತೀರಾ ಅಪರೂಪ. ಅಂದರೆ ಪ್ರಧಾನಿಯ ಕೈ ಅತಿ ಬೇಗ ಆಡುವುದು ನಮ್ಮ ವಿಷಯದಲ್ಲೇ. ಅದಕ್ಕೇ ಗೆದ್ದವರು ಯಾರು ಅಂತ ನೋಡಿ ಖುಷಿಪಡಬೇಡಿ, ಹೆದರಲೂಬೇಡಿ. 26,200 ಪೌಂಡ್ ಇದ್ದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 38,700ಕ್ಕೆ ಏರಿಸಿದ್ದು ಕನ್ಸರ್ವೇಟಿವ್ ಸರ್ಕಾರ, ಅಲ್ಲಿಂದ ಮುಂದಕ್ಕೆ ಏರಿಸಿದ್ದು ಲೇಬರ್.

ಐಎಲ್‌ಆರ್ ವಿಷಯಕ್ಕೆ ಬರೋಣ. 2025ರ ಮೇ 12ರ ಶ್ವೇತಪತ್ರದಲ್ಲಿ ಐದು ವರ್ಷವನ್ನು ಹತ್ತು ಮಾಡುವ ಪ್ರಸ್ತಾಪ ಬಂತು. ಸೆಪ್ಟೆಂಬರ್‌ನಲ್ಲಿ ಚುನಾವಣೆ ಇಲ್ಲದೆಯೇ ಗೃಹಮಂತ್ರಿ ಬದಲಾದರು, ಇವೆಟ್ ಕೂಪರ್ ಹೋಗಿ ಶಬಾನಾ ಮಹಮೂದ್ ಬಂದರು. ನವೆಂಬರ್ 20ರಂದು ಸಾರ್ವಜನಿಕರ ಅಭಿಪ್ರಾಯ ಕೇಳೋದಕ್ಕೆ ಶುರು ಮಾಡಿದರು. ಪ್ರಸ್ತಾಪದ ಪ್ರಕಾರ ಹತ್ತು ವರ್ಷ ಮೂಲ ಅವಧಿ. ಕೊನೆಯ ಮೂರು ವರ್ಷ ವರ್ಷಕ್ಕೆ £50,270 ತೆರಿಗೆಗೆ ಒಳಪಡುವ ಆದಾಯ ಇದ್ದವರಿಗೆ ಅದರಲ್ಲಿ ಐದು ವರ್ಷ ಕಡಿತ. ಈಗಾಗಲೇ ಇಲ್ಲಿದ್ದು ಐಎಲ್‌ಆರ್ ಸಿಗದವರಿಗೂ ಅನ್ವಯಿಸಬೇಕು ಅನ್ನುವುದು ಸರ್ಕಾರದ ಇಚ್ಛೆ. 2026ರ ಜನವರಿಯ ಹೊತ್ತಿಗೆ ಇದು ನಿಯಮ ಆಗಿರಲಿಲ್ಲ, ಆದರೆ ಮನೆಯ ಲೆಕ್ಕದಲ್ಲಿ ಹತ್ತು ಅಂತಲೇ ಬರೆದಿಟ್ಟುಕೊಳ್ಳಿ. ಸರ್ಕಾರಿ ಆರೋಗ್ಯ ಸೇವೆಗೆ ಅಂತ ವೀಸಾದ ಜೊತೆ ಕಟ್ಟುವ ಹೆಲ್ತ್ ಸರ್‌ಚಾರ್ಜ್ ಒಂದೇ ತಗೊಂಡರೂ ದೊಡ್ಡವರಿಗೆ ವರ್ಷಕ್ಕೆ £1,035, ಮಗುವಿಗೆ £776. ಗಂಡ ಹೆಂಡತಿ ಒಂದು ಮಗು, ಹೆಚ್ಚುವರಿ ಐದು ವರ್ಷ ಅಂದರೆ £14,230. ವೀಸಾ ಫೀಸು ಬೇರೆ. ವೀಸಾ ಮುಂದುವರಿಸುವಾಗ ಅಷ್ಟೂ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ಊರಿನಲ್ಲಿ ಸೈಟಿಗೆ ಕಂತು ಕಟ್ಟೋಕೆ ಶುರು ಮಾಡೋ ಮುಂಚೆ ಈ ದುಡ್ಡು ಬೇರೆ ಎತ್ತಿಡಿ.

ಇನ್ನೊಂದು. ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದರೆ ಐಎಲ್‌ಆರ್ ಲೆಕ್ಕ ಮುರಿಯುತ್ತೆ. ತಂಗಿ ಮದುವೆ, ಗೃಹಪ್ರವೇಶ, ಅಮ್ಮನ ಆಪರೇಶನ್ ಅಂತ ಓಡಾಡಿದ ದಿನಗಳು ತಿಂಗಳಿಂದ ತಿಂಗಳಿಗೆ ಸೇರಿಕೊಂಡು ಬೆಳೆಯುತ್ತವೆ. ಜನವರಿಯಿಂದ ಡಿಸೆಂಬರ್ ಅಂತ ಎಣಿಸುವುದೇ ಎಲ್ಲರೂ ಮಾಡುವ ತಪ್ಪು. ಯಾವ ದಿನದಿಂದ ಹಿಂದಕ್ಕೆ ಎಣಿಸಿದರೂ 180 ಮೀರಬಾರದು. ಹೋದ ದಿನ, ಬಂದ ದಿನ, ಬೋರ್ಡಿಂಗ್ ಪಾಸ್ ಎಲ್ಲ ಒಂದೇ ಫೈಲಿನಲ್ಲಿರಲಿ.

ಬಾಡಿಗೆಯ ವಿಷಯದಲ್ಲಿ ಮಾತ್ರ ಸಂತೋಷದ ಸುದ್ದಿ, ಮತ್ತು ಕಾನೂನು ಎಷ್ಟು ನಿಧಾನ ಅನ್ನುವುದಕ್ಕೂ ಇದೇ ಉದಾಹರಣೆ. ಕಾರಣ ಕೊಡದೆ ಮನೆ ಬಿಡಿಸುವುದನ್ನು ನಿಲ್ಲಿಸ್ತೀವಿ ಅಂತ ಮೊದಲು ಹೇಳಿದ್ದು 2019ರ ಸರ್ಕಾರ. ಈ ಸರ್ಕಾರದ ಮಸೂದೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಕಾನೂನಾದದ್ದು 2025ರ ಅಕ್ಟೋಬರ್ 27ಕ್ಕೆ. ಇಂಗ್ಲೆಂಡ್‌ನಲ್ಲಿ ಮುಖ್ಯ ಭಾಗಗಳು ಜಾರಿಯಾಗುವುದು 2026ರ ಮೇ 1ಕ್ಕೆ. ಅವತ್ತಿನಿಂದ ಮಾಡುವ ಒಪ್ಪಂದಗಳಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಬಾಡಿಗೆ ಮುಂಗಡ ಕೇಳುವಂತಿಲ್ಲ. ಅದಕ್ಕೆ ಮುಂಚೆ ಸಹಿ ಹಾಕಿ ಕೊಟ್ಟದ್ದು ಈ ಕಾನೂನಿನಿಂದ ವಾಪಸ್ ಬರೋದಿಲ್ಲ. ಆದ್ದರಿಂದ ಮೇವರೆಗೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಸಾಕಾಗುವ ಹಾಗಿದ್ದರೆ ಹಾಗೇ ಇರಿ. ಆಗೋದೇ ಇಲ್ಲ ಅಂದರೆ ಕಂಪನಿಯಿಂದ ಸಂಬಳದ ಪತ್ರ ಕೊಟ್ಟು ಮೂರು ತಿಂಗಳಿಗೆ ಇಳಿಸಲು ಕೇಳಿ. ಡಿಪಾಸಿಟ್ ಬೇರೆ, ಮುಂಗಡ ಬೇರೆ. ವರ್ಷದ ಬಾಡಿಗೆ £50,000ಕ್ಕಿಂತ ಕಡಿಮೆ ಇದ್ದರೆ ಡಿಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ. ತಿಂಗಳಿಗೆ £1,500 ಅಂದರೆ ಹನ್ನೆರಡರಿಂದ ಗುಣಿಸಿ, 52ರಿಂದ ಭಾಗಿಸಿ, ಐದರಿಂದ ಗುಣಿಸಿ: ಸುಮಾರು £1,730. ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಸಿಟ್ ಸ್ಕೀಮಿನಲ್ಲಿ ಇಟ್ಟು ನಿಮಗೆ ಕಾಗದ ಕೊಡಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಕೇಳಿದ್ದನ್ನು ಕೊಟ್ಟುಬಿಡುವ ಅಭ್ಯಾಸ. ಇಲ್ಲಿ ಹಾಗೆ ಮಾಡಬೇಡಿ.

ಈಗ ನೀವು ಕೇಳದೇ ಇದ್ದದ್ದು. ನಾನು ಬಂದ ವರ್ಷ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಬಂದ ಮತದಾರರ ಫಾರಂ ನಮ್ಮಂಥವರಿಗಲ್ಲ ಅಂತ ಮಡಚಿಟ್ಟೆ. ಆ ವಿಷಾದ ಇವತ್ತಿಗೂ ಇದೆ. ಭಾರತ ಕಾಮನ್‌ವೆಲ್ತ್ ದೇಶ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ವೀಸಾದ ಮೇಲೇ, ಬಂದ ಮೊದಲ ವರ್ಷವೇ ನಿಮಗೆ ಇಲ್ಲಿ ಮತದ ಹಕ್ಕಿದೆ. ಕೌನ್ಸಿಲ್‌ಗೂ ಇದೆ, ಸಂಸತ್ತಿಗೂ ಇದೆ. ಇಲ್ಲಿಗೆ ಬಂದು ಇಷ್ಟು ವರ್ಷ ಆಗಿರಬೇಕು ಅನ್ನುವ ಷರತ್ತಿಲ್ಲ, ವೀಸಾಕ್ಕೆ ತೊಂದರೆಯಿಲ್ಲ, ಭಾರತದ ಪೌರತ್ವಕ್ಕೂ ಏನೂ ಆಗೋದಿಲ್ಲ. ಅಮೆರಿಕದಲ್ಲಿರುವ ನಿಮ್ಮ ಸ್ನೇಹಿತರಿಗೆ ಇಲ್ಲದ ಹಕ್ಕು ಇದು. ಅವರ ಮಾತು ಕೇಳಿ "ಸಿಟಿಜನ್ ಆದ ಮೇಲೆ ನೋಡೋಣ" ಅಂದುಕೊಂಡು ನಮ್ಮ ಜನ ಐದು, ಆರು ವರ್ಷ ಕಳೆದುಬಿಡ್ತಾರೆ. ಜುಲೈ 1ರಂದು ಅಷ್ಟು ಸಂಸದರು ತಿರುಗಿಬಿದ್ದದ್ದು ಸುಮ್ಮನೆ ಅಲ್ಲ, ಅವರ ಕ್ಷೇತ್ರದ ಮತದಾರರು ಪತ್ರ ಬರೆದೂ ಬರೆದೂ ನಿದ್ದೆಗೆಡಿಸಿದ್ದರು. ಅದೇ ದಿನದ ವಲಸೆ ನಿಯಮದ ಬಗ್ಗೆ ಹಾಗೆ ಬರೆದವರು ನಮ್ಮಲ್ಲಿ ಎಷ್ಟು ಜನ?

ಹೆಸರು ಸೇರಿಸೋಕೆ ಸರ್ಕಾರದ ಗವ್.ಯುಕೆ ತಾಣದಲ್ಲಿ ‘ರಿಜಿಸ್ಟರ್ ಟು ವೋಟ್’ ಪುಟ ತೆಗೆಯಿರಿ. ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್, ಹುಟ್ಟಿದ ದಿನ, ವಿಳಾಸ ಇದ್ದರೆ ಐದು ನಿಮಿಷದ ಕೆಲಸ. ರಾಷ್ಟ್ರೀಯತೆ ಕೇಳಿದಲ್ಲಿ ಭಾರತ ಅಂತಲೇ ಹಾಕಿ. ‘ಓಪನ್ ರಿಜಿಸ್ಟರ್’ ಬೇಡ ಅನ್ನಿ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಮನೆ ಬದಲಾಯಿಸಿದಾಗಲೆಲ್ಲ ಮತ್ತೆ ಸೇರಿಸಬೇಕು, ಬಹಳ ಜನ ಎಡವುವುದು ಇಲ್ಲೇ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದ ಕಂಪನಿಗಳು ನಿಮ್ಮ ವಿಳಾಸ ಖಾತ್ರಿ ಮಾಡಿಕೊಳ್ಳೋದೂ ಸುಲಭ.

ಸಂಸದರಿಗೆ ಪತ್ರ ಬರೆಯುವಾಗ ಪೋಸ್ಟ್‌ಕೋಡ್ ಸಹಿತ ಪೂರ್ತಿ ವಿಳಾಸ ಹಾಕಿ. ತಮ್ಮ ಕ್ಷೇತ್ರದವರಿಗೆ ಮಾತ್ರ ಅವರು ಉತ್ತರ ಕೊಡೋದು. ಒಂದು ಪುಟ ಸಾಕು: ಯಾವ ವೀಸಾ, ಯಾವಾಗ ಬಂದಿರಿ, ನಿಯಮ ನಡುವೆ ಬದಲಾದರೆ ನಿಮ್ಮ ಮನೆಗೆ ಎಷ್ಟು ಪೌಂಡ್ ಹೊರೆ. ಊರಿನಲ್ಲಿ ಶಾಸಕರ ಮನೆಗೆ ಹೋಗುವಾಗ ಗೊತ್ತಿದ್ದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗ್ತೀವಲ್ಲ, ಇಲ್ಲಿ ಅದು ಬೇಡ. ‘ಸರ್ಜರಿ’ ಅಂತ ಕರೆಯುವ ಭೇಟಿಯ ಸಮಯ ಗೊತ್ತು ಮಾಡಿಕೊಂಡು ಒಬ್ಬರೇ ಹೋಗಬಹುದು. ಐಎಲ್‌ಆರ್ ಬಗ್ಗೆ ಅಭಿಪ್ರಾಯ ಸಲ್ಲಿಸೋಕೆ 2026ರ ಫೆಬ್ರುವರಿ 12ರವರೆಗೆ ಸಮಯ ಇತ್ತು.

2026ರ ಮೇ 7ರಂದು ಲಂಡನ್‌ನ ಎಲ್ಲ ಬರೋ (ನಗರದ ಆಡಳಿತ ವಿಭಾಗ) ಕೌನ್ಸಿಲ್‌ಗಳಿಗೂ ಚುನಾವಣೆ. ಹೆಸರು ಸೇರಿಸಲು ಕೊನೆಯ ದಿನ ಏಪ್ರಿಲ್ 20. ಬೂತು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತೆ, ಕೆಲಸ ಮುಗಿಸಿಕೊಂಡೇ ಹೋಗಬಹುದು. ಈಗ ಫೋಟೋ ಇರುವ ಗುರುತಿನ ದಾಖಲೆ ಕಡ್ಡಾಯ. ಇ-ವೀಸಾ ತೋರಿಸಿದರೆ ನಡೆಯೋದಿಲ್ಲ, ನಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತೆ, ಅದನ್ನೇ ತಗೊಂಡು ಹೋಗಿ. ಯಂತ್ರ ಇರೋದಿಲ್ಲ. ಕಾಗದದ ಚೀಟಿ, ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್ ಇರುತ್ತೆ, ಚೌಕದಲ್ಲಿ ಗುಣಾಕಾರದ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಬೇಕು. ಬೆರಳಿಗೆ ನಮ್ಮ ಮೈಸೂರಿನ ಶಾಯಿ ಹಚ್ಚುವವರು ಯಾರೂ ಇರೋದಿಲ್ಲ. ಹೊರಗೆ ಬಂದ ಮೇಲೆ ಬೆರಳು ನೋಡಿಕೊಳ್ತೀವಿ, ಖಾಲಿ ಇರುತ್ತೆ. ಮೊದಲ ಸಲ ಅದೊಂದು ಕಸಿವಿಸಿ ಆಗುತ್ತೆ.