ರಿಪೋರ್ಟಲ್ಲಿ 'ಲಾಸ್' ಅಂತ ಬಂದ್ರೆ ಖುಷಿ ಪಡ್ಬೇಕಾ?

ಪ್ರಶ್ನೆ: ನಮ್ಮಕ್ಕನ ಮಗನಿಗೆ 24 ವರ್ಷ. ಅಂಗೈಯಲ್ಲಿ ಗಂಟಾಗಿತ್ತು, ನೋವಿಲ್ಲ ಅಂತ ಆರು ತಿಂಗಳು ಸುಮ್ನಿದ್ವಿ. ಈಗ ಬಯಾಪ್ಸಿಯಲ್ಲಿ ಎಪಿಥೀಲಿಯಾಯ್ಡ್ ಸಾರ್ಕೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಅಂತ ಬಂದಿದೆ, ಕೆಳಗೆ 'ಐಎನ್‌ಐ-1 ಲಾಸ್' ಅಂತಿದೆ. ಲಾಸ್ ಅಂದ್ರೆ ಕ್ಯಾನ್ಸರ್ ಕಮ್ಮಿ ಆಗ್ತಿದೆ ಅಂತನಾ? ಮನೇಲಿ ಬೇರೆಯವರಿಗೂ ಬರತ್ತಾ? ಇದಕ್ಕೆ ಪವಾಡದ ಮಾತ್ರೆ ಇದೆ ಅಂತ ವಾಟ್ಸಾಪಲ್ಲಿ ಬಂದಿತ್ತು, ನಿಜನಾ?
– ಹುಡುಗನ ಚಿಕ್ಕಮ್ಮ, ಹಾಸನ

ಉತ್ತರ: ಇಲ್ಲಮ್ಮ, ಕಾಣೆಯಾಗಿರೋದು ಕ್ಯಾನ್ಸರ್ ಅಲ್ಲ, ಆ ಗಂಟಿನ ಜೀವಕೋಶಗಳಲ್ಲಿ ಇರಬೇಕಿದ್ದ ಒಂದು ಪ್ರೋಟೀನು. ಗಂಟಿನ ತೆಳು ಪದರಕ್ಕೆ ಲ್ಯಾಬಲ್ಲಿ ಬಣ್ಣ ಹಾಕ್ತಾರೆ, ಐಎನ್‌ಐ-1 ಇದ್ರೆ ಕೋಶಕೇಂದ್ರ ಕಂದು ಆಗತ್ತೆ, ಇಲ್ದಿದ್ರೆ ನೀಲಿಯಾಗೇ ಉಳಿಯತ್ತೆ. ಗಂಟೆಲ್ಲ ನೀಲಿ, ನಡುವೆ ಹಾದುಹೋಗೋ ಸಣ್ಣ ರಕ್ತನಾಳದ ಕೋಶ ಮಾತ್ರ ಕಂದು ಕಂಡ್ರೆ ಬಣ್ಣ ಸರಿಯಾಗೇ ಹತ್ತಿದೆ, ಪ್ರೋಟೀನೇ ಇಲ್ಲ ಅಂತ ಅರ್ಥ. ಈ ಕಾಯಿಲೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಹೀಗೇ ಬರೋದು, ಹಾಗಾಗಿ 'ಲಾಸ್' ನೋಡಿ ಇನ್ನಷ್ಟು ಹೆದರೋದೂ ಬೇಡ, ಅದು ಕಾಯಿಲೆಯ ಗುರುತು ಅಷ್ಟೇ.

ಈ ಪ್ರೋಟೀನಿನ ಕೆಲಸ ಏನು ಅಂದ್ರೆ, ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಅನ್ನೋ ಉಂಡೆಗಳಿಗೆ ದಾರದ ಹಾಗೆ ಸುತ್ಕೊಂಡಿರತ್ತೆ, ಸುತ್ತು ಬಿಗಿಯಾಗಿದ್ದ ಕಡೆ ಜೀನ್ ಓದೋಕಾಗಲ್ಲ. ಅದನ್ನ ಸರಿಸಿ ಸಡಿಲ ಮಾಡೋ ಪ್ರೋಟೀನ್ ಗುಂಪಿಗೆ ಸ್ವಿ-ಸ್ನಿಫ್ ಅಂತಾರೆ, ಐಎನ್‌ಐ-1 ಅದರಲ್ಲೊಬ್ಬ. ಎದುರಾಳಿ ಇಝಡ್‌ಎಚ್-2 ಅನ್ನೋ ಇನ್ನೊಂದು ಪ್ರೋಟೀನು, ಅದು ಬಿಗಿ ಮಾಡೋದು. ಸಡಿಲಿಸೋನು ಇಲ್ದಿದ್ರೆ ಬಿಗಿಸೋನದೇ ದರ್ಬಾರು, ಕೋಶವನ್ನ ಹದ್ದುಬಸ್ತಲ್ಲಿಡೋ ಜೀನ್‌ಗಳು ಮುಚ್ಚೇ ಇರ್ತವೆ. ಎಳೆ ಮಕ್ಕಳಿಗೆ ಬರೋ ರಾಬ್ಡಾಯ್ಡ್ ಅನ್ನೋ ಕ್ಯಾನ್ಸರ್ ಗಡ್ಡೆಯಲ್ಲಿ, ಈ ಪ್ರೋಟೀನ್ ತಯಾರಿಸೋ ಜೀನ್ ಕೆಟ್ಟಿರೋದು 1998ರಲ್ಲೇ ಗೊತ್ತಾಗಿತ್ತು.

ನೀವು ಕೇಳಿದ ಮಾತ್ರೆ ಟಾಜೆಮೆಟೋಸ್ಟ್ಯಾಟ್ ಇರ್ಬೇಕು, ಬಿಗಿಸೋನ ಕೈ ಕಟ್ಟಿಹಾಕೋ ಔಷಧಿ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಆಪರೇಷನ್ನಲ್ಲಿ ಪೂರ್ತಿ ತೆಗೆಯೋಕೆ ಆಗದೋರಿಗೆ. ಆದ್ರೆ 62 ಜನಕ್ಕೆ ಕೊಟ್ಟಾಗ ಗಡ್ಡೆ ಚೆನ್ನಾಗಿ ಕುಗ್ಗಿದ್ದು ನೂರಕ್ಕೆ 15ರಷ್ಟು ಮಂದಿಗೆ ಮಾತ್ರ, ಸೋ ವಾಟ್ಸಾಪಲ್ಲಿ ಬಂದ 'ಪವಾಡ'ದ ಮಾತು ಬಿಡಿ, ಮೊದಲು ಆಪರೇಷನ್.

ಮನೆಯವರ ವಿಷ್ಯ: ಎಳೆ ಮಕ್ಕಳ ರಾಬ್ಡಾಯ್ಡ್ ಗಡ್ಡೆಯಾದ್ರೆ ಹುಟ್ಟಿನಿಂದ ಬಂದಿದ್ಯಾ ಅಂತ ಜೀನ್ ಟೆಸ್ಟ್ ಮಾಡಿಸ್ತಾರೆ, ನಿಮ್ಮ ಹುಡುಗನದು ಸಾಮಾನ್ಯವಾಗಿ ಆ ಗಂಟಲ್ಲೇ ಆದ ಬದಲಾವಣೆ, ಮನೆಯವರಿಗೆ ಬರೋ ಥರದ್ದಲ್ಲ.

ಇನ್ನೊಂದು, ಈ ಕ್ಯಾನ್ಸರ್ ಬೇರೆ ಬಹುಪಾಲು ಸಾರ್ಕೋಮಾಗಳ (ಮಾಂಸ, ಮೂಳೆಯಂಥ ಕಡೆ ಹುಟ್ಟೋ ಕ್ಯಾನ್ಸರ್‌ಗಳ) ಥರ ಅಲ್ಲ, ಲಿಂಫ್ ಗ್ರಂಥಿಗೂ ಹೋಗತ್ತೆ. ಕೈಯ ಕಡೆಯ ಲಿಂಫ್ ಗ್ರಂಥಿಗಳಿರೋ ಕಂಕುಳು ನೋಡಿದ್ರಾ ಅಂತ ಡಾಕ್ಟ್ರನ್ನ ಕೇಳಿ. ಕಿದ್ವಾಯಿಗೆ ಹೋಗೋದಾದ್ರೆ ರಿಪೋರ್ಟ್ ಒಂದೇ ಸಾಲದು, ಲ್ಯಾಬಿಂದ ಸ್ಲೈಡು (ಬಣ್ಣ ಹಾಕಿದ ಪದರ ಇರೋ ಗಾಜು), ಗಂಟಿನ ತುಂಡಿರೋ ಮೇಣದ ಬ್ಲಾಕು ಎರಡನ್ನೂ ಇಸ್ಕೊಂಡು ಹೋಗಿ.