ಕಂತು ನಿಂತ ಪಾಲಿಸಿ: ಕಟ್ಟಿದ ದುಡ್ಡು ಹೋಯಿತಾ?

ನೀವು ಕೇಳಿದ್ದು ಇಷ್ಟು. ನಿಮ್ಮ ತಮ್ಮ ಬೇಲೆಕೇರಿಯಲ್ಲಿ ಮೀನಿನ ಬೋಟಿಗೆ ಹೋಗುತ್ತಾನೆ. 4 ಲಕ್ಷದ, 20 ವರ್ಷದ ಜೀವ ವಿಮೆ ಪಾಲಿಸಿ, ಶುರುವಾದದ್ದು ಡಿಸೆಂಬರಿನಲ್ಲಿ. ಆರು ತಿಂಗಳಿಗೊಮ್ಮೆ ಕಂತು. 11 ಕಂತು ಸರಿಯಾಗಿ ಕಟ್ಟಿದ, ಆಮೇಲೆ ಜೂನಿನದೂ ಹೋಗಲಿಲ್ಲ, ಡಿಸೆಂಬರಿನದೂ ಹೋಗಲಿಲ್ಲ. ಕಟ್ಟಿದ್ದೆಲ್ಲ ಮುಳುಗಿತಾ, ಏಜೆಂಟ್ ಹೇಳಿದ ಹಾಗೆ ಹೊಸದು ಮಾಡಿಸೋದಾ ಅಂತ.

ಮುಳುಗಿಲ್ಲ. ಹೊಸದಕ್ಕೆ ಈಗಲೇ ಸಹಿ ಹಾಕಬೇಡಿ.

ನಾನು ಕುಮಟಾ ಕಡೆಯವಳು, ಮಹಿಳಾ ಸಂಘದ ಲೆಕ್ಕ ಬರೆಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುತ್ತದೆ, ಬೋಟು ದಡದಲ್ಲಿ, ಮನೆಯಲ್ಲಿ ಮಾತ್ರ ಮಕ್ಕಳ ಫೀಸು, ಪುಸ್ತಕ, ಮಾಡಿನ ರಿಪೇರಿ ಎಲ್ಲ ಒಟ್ಟಿಗೇ ಬರುತ್ತದೆ. ನಮ್ಮ ಕಡೆ ಕಂತು ತಪ್ಪುವುದು ಜಾಸ್ತಿ ಆಗಲೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕಂತಿನ ದಿನ ದಾಟಿದ ಕೂಡಲೇ ಪಾಲಿಸಿ ನಿಲ್ಲುವುದಿಲ್ಲ. ವರ್ಷ, ಆರು ತಿಂಗಳು, ಮೂರು ತಿಂಗಳ ಕಂತಿಗೆ 30 ದಿನ ಗ್ರೇಸ್ (ತಡವಾಗಿ ಕಟ್ಟಲು ಬಿಡುವ ಅವಧಿ) ಇದೆ, ತಿಂಗಳ ಕಂತಿಗೆ 15 ದಿನ. ಅಷ್ಟರೊಳಗೆ ಜೀವಕ್ಕೆ ಏನಾದರೂ ಆದರೆ ಬಾಕಿ ಕಂತು ಹಿಡಿದುಕೊಂಡು ಉಳಿದ ಹಣ ಕೊಡಬೇಕು. ಅದು ದಾಟಿದರೆ ಪಾಲಿಸಿ ಲ್ಯಾಪ್ಸ್, ಅಂದರೆ ಚಾಲ್ತಿ ತಪ್ಪುತ್ತದೆ.

ನಿಮ್ಮ ತಮ್ಮನದು ಉಳಿತಾಯದ ಪಾಲಿಸಿ ಅಲ್ವಾ, ಇಷ್ಟು ವರ್ಷ ಕಟ್ಟಿದ್ದರಿಂದ ಅದು ಪೇಡ್-ಅಪ್ ಆಗಿ, ಅಂದರೆ ಕಟ್ಟಿದ ಕಂತಿಗೆ ತಕ್ಕಷ್ಟು ಕಡಿಮೆ ಮೊತ್ತಕ್ಕೆ, ಉಳಿದಿರುತ್ತದೆ. ಒಟ್ಟು 40 ಕಂತಿನಲ್ಲಿ 11 ಕಟ್ಟಿದ್ದಾನೆ, ಹಾಗಾಗಿ 4 ಲಕ್ಷದ ಜಾಗದಲ್ಲಿ ಈಗ 1,10,000. ಬೋನಸ್ ಇರುವ ಪಾಲಿಸಿಯಾದರೆ ಇಲ್ಲಿವರೆಗೆ ಸೇರಿದ ಬೋನಸ್ಸೂ ಉಳಿಯುತ್ತದೆ, ಸಾಮಾನ್ಯವಾಗಿ ಮುಂದೆ ಹೊಸದು ಸೇರುವುದಿಲ್ಲ. ದುಡ್ಡು ಹೋಗಿಲ್ಲ, ನಿಜ. ಆದರೆ ಸಮುದ್ರಕ್ಕೆ ಹೋಗುವ ಹುಡುಗನ ಮನೆಗೆ ಇದ್ದ 4 ಲಕ್ಷದ ಆಸರೆ ಹೋಗಿದೆ, ನನಗೆ ಆತಂಕ ಅದರದ್ದೇ. ಬರೀ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ಹಣ ಬರುವಂಥದ್ದು) ಆಗಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ಆದ್ದರಿಂದ ರಿವೈವಲ್ ಮಾಡಿಸಿ, ಅಂದರೆ ಬಾಕಿ ಕಟ್ಟಿ ಹಳೆಯ ಪಾಲಿಸಿಯನ್ನೇ ಮತ್ತೆ ಚಾಲ್ತಿಗೆ ತನ್ನಿ. ಯುಲಿಪ್ (ಮಾರುಕಟ್ಟೆಗೆ ಜೋಡಿಸಿದ ವಿಮೆ) ಅಲ್ಲದ ಪಾಲಿಸಿಗೆ ಮೊದಲ ಬಾಕಿ ಕಂತಿನಿಂದ 5 ವರ್ಷ ಅವಕಾಶ ಇದೆ (ಈಗಿನ ನಿಯಮ ಇದು, ಹಳೆಯ ಪಾಲಿಸಿಗಳಲ್ಲಿ ಕಡಿಮೆ ಇರಬಹುದು, ಬಾಂಡ್ ನೋಡಿ). ಐದು ವರ್ಷ ಇದೆಯಲ್ಲ ಅಂತ ಕೂರಬೇಡಿ. ಬಡ್ಡಿ ಏರುತ್ತಾ ಹೋಗುತ್ತದೆ, ಮಧ್ಯದಲ್ಲಿ ಶುಗರೋ ಹಾರ್ಟಿನ ತೊಂದರೆಯೋ ಬಂದರೆ ಕಂಪನಿ ಬೇಡ ಅನ್ನಬಹುದು ಅಥವಾ ಕಂತು ಏರಿಸಬಹುದು. ಬ್ರಾಂಚಿಗೆ ಹೋಗಿ ರಿವೈವಲ್‌ಗೆ ಒಟ್ಟು ಎಷ್ಟಾಗುತ್ತದೆ ಅಂತ ಬರೆದು ಕೊಡಲು ಕೇಳಿ. ಎರಡು ಕಂತು, ಅದರ ಬಡ್ಡಿ, ಆರೋಗ್ಯದ ಫಾರ್ಮು. ಬೇಕೆಂದರೆ ಕಂಪನಿ ಡಾಕ್ಟರ್ ತಪಾಸಣೆಯನ್ನೂ ಕೇಳಬಹುದು.

ಆ ಆರೋಗ್ಯದ ಫಾರ್ಮನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 3 ವರ್ಷ ಕಳೆದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನೆ ಮಾಡುವ ಹಾಗಿಲ್ಲ, ಆದರೆ ರಿವೈವಲ್ ಆದರೆ ಆ 3 ವರ್ಷ ಮತ್ತೆ ಮೊದಲಿಂದ ಶುರುವಾಗುತ್ತದೆ. ಯಾರಾದರೂ 'ಸುಮ್ನೆ ಸಹಿ ಹಾಕಿ, ನಾನು ತುಂಬುತ್ತೇನೆ' ಅಂದರೆ ಒಪ್ಪಬೇಡಿ. ಬಿಪಿ ಇದ್ದರೆ ಇದೆ ಅಂತಲೇ ಬರೆಸಿ. ಮತ್ತೆ, ದುಡ್ಡು ಕೊಟ್ಟು ಬಂದ ಮಾತ್ರಕ್ಕೆ ಆಗಲಿಲ್ಲ. ಕಂಪನಿ ಒಪ್ಪಿ ತಿಳಿಸಿದ ಮೇಲೆಯೇ ಪಾಲಿಸಿ ಚಾಲ್ತಿಗೆ ಬರುವುದು, ಅಲ್ಲಿವರೆಗೆ ರಸೀದಿ ಜೋಪಾನ.

ಹೊಸ ಪಾಲಿಸಿಯ ಮಾತು ಯಾಕೆ ಬರುತ್ತದೆ ಅಂದರೆ, ಮೊದಲ ವರ್ಷದ ಕಂತಿನಲ್ಲಿ ಏಜೆಂಟರ ಕಮಿಷನ್ ಜಾಸ್ತಿ. ತಮ್ಮನಿಗೆ ಈಗ ವಯಸ್ಸು ಹೆಚ್ಚಾಗಿದೆ, ಅದೇ ಮೊತ್ತಕ್ಕೆ ಹೊಸ ಕಂತೂ ಹೆಚ್ಚು. ರಿವೈವಲ್‌ನಲ್ಲಿ ಸಾಮಾನ್ಯವಾಗಿ ಹಳೆಯ ಕಂತೇ ಮುಂದುವರಿಯುತ್ತದೆ.

ಇದು ಮುಗಿದ ಮೇಲೆ ವರ್ಷಕ್ಕೊಂದೇ ಕಂತಿಗೆ ಬದಲಿಸಲು ಅರ್ಜಿ ಕೊಡಿ. ಪಾಲಿಸಿ ಡಿಸೆಂಬರಿನದು, ಹಾಗಾಗಿ ಜೂನಿನ ಕಂತೇ ಇರುವುದಿಲ್ಲ. ಬೋಟು ನಡೆಯುವ ತಿಂಗಳುಗಳಲ್ಲಿ ಸಂಘದಲ್ಲೋ ಸೊಸೈಟಿಯಲ್ಲೋ ಸ್ವಲ್ಪ ಸ್ವಲ್ಪ ಎತ್ತಿಟ್ಟರೆ ಆಗುತ್ತದೆ.

ಬ್ಯಾಂಕಿನ 436 ರೂಪಾಯಿಯ ಜೀವನ್ ಜ್ಯೋತಿ ವಿಮೆಯೂ ಅವನಿಗೆ ಇದ್ದರೆ, ಅದರ ದುಡ್ಡು ಮೇ ಕೊನೆಯಲ್ಲಿ ಖಾತೆಯಿಂದ ಹೋಗುತ್ತದೆ. ಖಾತೆ ಖಾಲಿ ಇದ್ದರೆ 2 ಲಕ್ಷದ ರಕ್ಷಣೆ ನಿಂತುಹೋಗುತ್ತದೆ. ಮತ್ತೆ ಸೇರಬಹುದು, ಆದರೆ ಮೊದಲ 30 ದಿನ ಅಪಘಾತದ ಸಾವು ಬಿಟ್ಟು ಬೇರೆಯದಕ್ಕೆ ಹಣ ಬರುವುದಿಲ್ಲ. ಮೇ ತಿಂಗಳ ಮೀನಿನ ದುಡ್ಡಿನಲ್ಲಿ ಅಷ್ಟನ್ನು ಖಾತೆಯಲ್ಲಿ ಬಿಡಲು ಹೇಳಿ.